ಒಂದೇ ತಂಡ, ಬೇರೆ ಬಟ್ಟಲು

ಓದಿಕೊಳ್ಳಿ: ಗಲಾತ್ಯರಿಗೆ 2:11–14, 1 ಕೊರಿಂಥಿಯರಿಗೆ 10:16–17



'ರಿಮೆಂಬರ್ ದ ಟೈಟನ್ಸ್' ಎಂಬ ಇಂಗ್ಲಿಷ್ ಚಿತ್ರವನ್ನು ನಮ್ಮ ಮಕ್ಕಳಲ್ಲಿ ಕೆಲವರು ನೋಡಿರಬಹುದು. 2000ದಲ್ಲಿ ತೆರೆಕಂಡ ಈ ಚಿತ್ರ ಅಮೆರಿಕದ ಅಲೆಕ್ಸಾಂಡ್ರಿಯಾ ಊರಿನಲ್ಲಿ 1971ರಲ್ಲಿ ನಡೆದ ಸಂಗತಿಯನ್ನು ಆಧರಿಸಿದೆ. ಆ ವರ್ಷ ಊರಿನ ಪ್ರೌಢಶಾಲೆಗಳ ಮೇಲಿನ ತರಗತಿಗಳನ್ನೆಲ್ಲ ಟಿ. ಸಿ. ವಿಲಿಯಮ್ಸ್ ಶಾಲೆಗೆ ಸೇರಿಸಿದರು. ಬೇರೆ ಬೇರೆ ತಂಡಗಳಲ್ಲಿದ್ದ ಕಪ್ಪು ಮತ್ತು ಬಿಳಿ ವರ್ಣದ ಹುಡುಗರು ಈಗ ಒಂದೇ ಫುಟ್‌ಬಾಲ್ ತಂಡದಲ್ಲಿ ಆಡಬೇಕಾಯಿತು. ತರಬೇತುದಾರ ಹರ್ಮನ್ ಬೂನ್ ಕಪ್ಪು ವರ್ಣದವರು. ಅವರ ಸಹಾಯಕ ಬಿಲ್ ಯೋಸ್ಟ್ ಬಿಳಿಯರು. ಆ ತಂಡ ಒಂದು ಪಂದ್ಯವನ್ನೂ ಸೋಲದೆ ರಾಜ್ಯದ ಚಾಂಪಿಯನ್ ಆಯಿತು.

ಚಿತ್ರದಲ್ಲಿ ನಮ್ಮ ಮನಸ್ಸಿನಲ್ಲಿ ಉಳಿಯುವುದು ಗೆಲುವಲ್ಲ. ತರಬೇತಿ ಶಿಬಿರದಲ್ಲಿ ಬೂನ್ ಹುಡುಗರನ್ನು ಒಂದೇ ಕೋಣೆಯಲ್ಲಿ ಮಲಗಿಸುತ್ತಾರೆ, ಪರಸ್ಪರರ ಮನೆಮಂದಿಯ ವಿಷಯ ಕೇಳಿ ತಿಳಿದುಕೊಳ್ಳುವಂತೆ ಮಾಡುತ್ತಾರೆ. ಮೈದಾನದಲ್ಲಿ ಜೊತೆಯಾಗಿ ಆಡಿದರಷ್ಟೇ ಸಾಲದು ಎಂಬುದು ಅವರಿಗೆ ಗೊತ್ತಿತ್ತು.

ಧಾರವಾಡದಲ್ಲಿ ಹುಟ್ಟಿದ ಬಾಳೂ

ಇದು ದೂರದ ಊರಿನ ಕಥೆ ಎಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಧಾರವಾಡದಲ್ಲೇ ಹುಟ್ಟಿದ ಪಾಳವಣಕರ್ ಬಾಳೂ ಭಾರತದ ಮೊದಲ ಶ್ರೇಷ್ಠ ಸ್ಪಿನ್ ಬೌಲರ್‌ಗಳಲ್ಲಿ ಒಬ್ಬರು. ಅವರು ದಲಿತರು. ಪುಣೆಯಲ್ಲಿ ಕ್ರಿಕೆಟ್ ಕ್ಲಬ್ಬಿನ ಪಿಚ್ ಗುಡಿಸುತ್ತ, ಆಂಗ್ಲ ಅಧಿಕಾರಿಗಳಿಗೆ ನೆಟ್‌ನಲ್ಲಿ ಚೆಂಡೆಸೆಯುತ್ತ ಆಟ ಕಲಿತರು. ಆಂಗ್ಲರನ್ನು ಸೋಲಿಸಬೇಕೆಂದು ಅಲ್ಲಿನ ಮೇಲ್ಜಾತಿಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು. ಆದರೆ ಚಹಾ ವಿರಾಮದಲ್ಲಿ ಮಿಕ್ಕವರು ಒಳಗೆ ಕುಡಿದರೆ ಬಾಳೂ ಅವರಿಗೆ ಹೊರಗಡೆ, ಕುಡಿದು ಬಿಸಾಡುವ ಮಣ್ಣಿನ ಬಟ್ಟಲಿನಲ್ಲಿ. ಊಟವೂ ಬೇರೆಯೇ. ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು; ಬಟ್ಟಲನ್ನು ಮಾತ್ರ ಮುಟ್ಟುತ್ತಿರಲಿಲ್ಲ.

1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿದಾಗ ಬಾಳೂ ಮತ್ತು ತಮ್ಮ ಶಿವರಾಮ್ ತಂಡದಲ್ಲಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಬಾಳೂ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಆದರೂ ನಾಯಕತ್ವ ಅವರಿಗೆ ದಕ್ಕಲಿಲ್ಲ. 1920ರಲ್ಲಿ ಇದನ್ನು ಪ್ರತಿಭಟಿಸಿ ಅವರ ತಮ್ಮಂದಿರು ತಂಡದಿಂದ ಹೊರಗೆ ನಿಂತರು. ಕೊನೆಗೆ 1923ರಲ್ಲಿ ತಮ್ಮ ವಿಠ್ಠಲ್ ಹಿಂದೂ ತಂಡದ ನಾಯಕರಾದರು, ತಂಡ ಗೆದ್ದಿತು.

ಅಂತಿಯೋಕ್ಯದ ಊಟದ ಪಂಕ್ತಿ

ಸಂತ ಪೌಲರು ಕಂಡದ್ದೂ ಇದನ್ನೇ. ಅಂತಿಯೋಕ್ಯದಲ್ಲಿ ಸಂತ ಪೇತ್ರರು ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕುಳಿತು ಊಟಮಾಡುತ್ತಿದ್ದರು. ಯಕೋಬರ ಕಡೆಯವರು ಬಂದಾಗ ಅಂಜಿ ದೂರ ಸರಿದರು. ಪೇತ್ರರು ಬೋಧನೆಯನ್ನೇನೂ ಬದಲಿಸಲಿಲ್ಲ, ಬರೀ ಊಟದ ಜಾಗ ಬದಲಿಸಿದರು. ಅಷ್ಟಕ್ಕೇ ಪೌಲರು ಎಲ್ಲರ ಮುಂದೆ ಅವರನ್ನು ಪ್ರಶ್ನಿಸಿದರು. ಅದು ಶುಭಸಂದೇಶದ ಸತ್ಯಕ್ಕೆ ತಕ್ಕ ನಡೆಯಲ್ಲ ಎಂದು ಕಂಡರು. ನಾವು ಯಾರ ಜೊತೆ ಉಣ್ಣುತ್ತೇವೆ ಎಂಬುದೂ ವಿಶ್ವಾಸದ ಪ್ರಶ್ನೆಯೇ.

ನಮ್ಮ ನಡುವೆ

ಈ ಕೊಂಗುನಾಡಿನ ಚಹಾ ಅಂಗಡಿಗಳ 'ಎರಡು ಲೋಟ'ದ ಪದ್ಧತಿ ನಮಗೆಲ್ಲ ಗೊತ್ತು. ತಮಿಳುನಾಡಿನಲ್ಲಿ ಕ್ರೈಸ್ತರ ಸಮಾಧಿಭೂಮಿಯಲ್ಲೂ ಜಾತಿಯ ಗೋಡೆ ಎದ್ದದ್ದುಂಟು. ಇದನ್ನು ಹೇಳಲು ನಮಗೆ ನಾಚಿಕೆ. ಹೇಳದಿರುವುದು ಇನ್ನೂ ದೊಡ್ಡ ತಪ್ಪು.

ತುಡಿಯಲೂರಿನಲ್ಲಿ ಕನ್ನಡ ಮಾತನಾಡುವ ನಾವು ಕೆಲವೇ ಮನೆಯವರು. ತಮಿಳಿನ ಬಲಿಪೂಜೆಯಲ್ಲಿ ಪ್ರಾರ್ಥನೆಯ ಮಾತು ತಡವರಿಸಿದಾಗ ನಾವು ಹೊರಗಿನವರು ಎನಿಸುವುದುಂಟು. ಆ ನೋವು ನಿಜ. ಆದರೆ ಮದುವೆಯ ಮಾತು ಬಂದಾಗ, ಮನೆಗೆಲಸಕ್ಕೆ ಬಂದವರಿಗೆ ಕಾಫಿ ಕೊಡುವಾಗ, ನಾವು ಯಾವ ಲೋಟ ತೆಗೆಯುತ್ತೇವೆ? ನಮ್ಮನ್ನು ಹೊರಗಿಟ್ಟರೆಂದು ಕೊರಗುವ ನಾವೇ ಇನ್ನೊಬ್ಬರಿಗೆ ಮಣ್ಣಿನ ಬಟ್ಟಲು ಹಿಡಿಸುತ್ತಿಲ್ಲವೇ? ಪೀಠದಲ್ಲಿ ನಮಗೆ ಸಿಗುವುದು ಒಂದೇ ರೊಟ್ಟಿ, ಒಂದೇ ಪಾನಪಾತ್ರೆ. ಗುಡಿಯ ಬಾಗಿಲು ದಾಟಿದ ಕೂಡಲೇ ಅದು ಎರಡಾಗಬಾರದು.

ಮನೆಯಲ್ಲಿ ಕುಳಿತು ಚರ್ಚಿಸೋಣ

1. ಪೇತ್ರರು ಯಾರಿಗೆ ಅಂಜಿದರು? ನಾವು ಯಾರ ಮಾತಿಗೆ ಅಂಜುತ್ತೇವೆ?
2. ಬಾಳೂ ಅವರ ಆಟ ಬೇಕಿತ್ತು, ಅವರು ಬೇಡವಾಗಿದ್ದರು. ನಮ್ಮ ಧರ್ಮಕೇಂದ್ರದಲ್ಲಿ ಯಾರ ದುಡಿಮೆ ಮಾತ್ರ ನಮಗೆ ಬೇಕಾಗಿದೆ?
3. ಈ ತಿಂಗಳು ನಮ್ಮ ಮನೆಗೆ ಈವರೆಗೆ ಊಟಕ್ಕೆ ಕರೆಯದ ಒಂದು ಕುಟುಂಬವನ್ನು ಕರೆಯೋಣ. ಅದು ಯಾರ ಮನೆ?

ಪ್ರಾರ್ಥನೆ

ಪ್ರಭು ಯೇಸುವೇ, ಸುಂಕದವರ ಜೊತೆ ಕುಳಿತು ಉಂಡವರು ನೀವು. ನಾವು ಬೇರೆಯಾಗಿ ಇಟ್ಟಿರುವ ಲೋಟಗಳನ್ನು ನಮಗೆ ತೋರಿಸಿರಿ. ಅವನ್ನು ತೆಗೆದುಹಾಕುವ ಧೈರ್ಯವನ್ನೂ ಕೊಡಿರಿ. ಆಮೆನ್.