ಪಂಪ್‌ಸೆಟ್ ವಿದ್ಯುತ್ ಸುರಕ್ಷತೆ: ಕೊಳ್ಳುವಾಗ, ಜೋಡಿಸುವಾಗ ಗಮನಿಸತಕ್ಕ ಅಂಶಗಳು

ಕೆಂಗೇರಿ ಉಪನಗರದ ಸುತ್ತ ಹೊಲಗಳ ನಡುವೆ ಬಡಾವಣೆಗಳು ಎದ್ದಿವೆ. 2021ರಲ್ಲಿ ಮೆಟ್ರೊ ರೈಲೂ ಕೆಂಗೇರಿಗೆ ಬಂದಿತು. ಆದರೂ ರಾಮೋಹಳ್ಳಿ, ತಾವರೆಕೆರೆ, ಕುಂಬಳಗೋಡು ಕಡೆ ಸೊಪ್ಪು, ತರಕಾರಿ, ಹಿಪ್ಪುನೇರಳೆ ಬೆಳೆಯುವ ರೈತರಿಗೆ ಕೊಳವೆ ಬಾವಿಯೇ ಆಧಾರ. ಹಸಿ ನೆಲ, ಬರಿಗಾಲು, ಒದ್ದೆ ಕೈ ಮತ್ತು ವಿದ್ಯುತ್ ಒಂದೆಡೆ ಸೇರುವ ಸ್ಥಳ ಪಂಪ್ ಮನೆ. ಇಲ್ಲಿ ಉಳಿಸಿದ ನೂರಿನ್ನೂರು ರೂಪಾಯಿ ಪ್ರಾಣಕ್ಕೇ ಎರವಾಗಬಹುದು.

ಗುರುತು ನೋಡಿ ಕೊಳ್ಳುವುದು

ಐ.ಎಸ್.ಐ. ಗುರುತು ರೈತರಿಗೆ ಪರಿಚಿತವೇ. 1947ರಲ್ಲಿ ಸ್ಥಾಪನೆಯಾದ ಭಾರತೀಯ ಮಾನಕ ಸಂಸ್ಥೆಯ ಕೆಲಸವನ್ನು 1987ರಿಂದ ಭಾರತೀಯ ಮಾನಕ ಬ್ಯೂರೊ ನಡೆಸುತ್ತಿದೆ. ಬರೀ ಗುರುತು ಇದ್ದರೆ ಸಾಲದು. ಅದರ ಮೇಲ್ಭಾಗದಲ್ಲಿ ಮಾನಕದ ಸಂಖ್ಯೆ, ಕೆಳಗೆ ಸಿ.ಎಂ./ಎಲ್. ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಸಬ್‌ಮರ್ಸಿಬಲ್ ಪಂಪ್‌ಸೆಟ್ಟಿಗೆ ಐ.ಎಸ್. 8034, ಅದರ ಮೋಟಾರಿಗೆ ಐ.ಎಸ್. 9283, ಪಿ.ವಿ.ಸಿ. ಹೊದಿಕೆಯ ತಂತಿಗೆ ಐ.ಎಸ್. 694 ಎಂಬ ಮಾನಕಗಳಿವೆ. ಪರವಾನಗಿ ಸಂಖ್ಯೆ ನಿಜವೇ ಎಂಬುದನ್ನು ಬ್ಯೂರೊದ 'ಬಿ.ಐ.ಎಸ್. ಕೇರ್' ಆ್ಯಪ್‌ನಲ್ಲಿ ಅಂಗಡಿಯಲ್ಲೇ ಪರೀಕ್ಷಿಸಬಹುದು. ಬ್ಯೂರೊದ ಬೆಂಗಳೂರು ಕಚೇರಿ ಪೀಣ್ಯದಲ್ಲಿದೆ.

ಮೊಬೈಲ್ ಚಾರ್ಜರ್‌ನಂತಹ ಎಲೆಕ್ಟ್ರಾನಿಕ್ ವಸ್ತುಗಳಿಗೆ ನೋಂದಣಿ ಕಡ್ಡಾಯ. ಇವುಗಳ ಮೇಲೆ 'ಆರ್' ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇರುತ್ತದೆ. 'ಸಿ.ಇ.' ಎಂಬುದು ಯೂರೋಪಿನ ಗುರುತು. ಅದು ಭಾರತದ ಗುರುತಿಗೆ ಬದಲಿಯಲ್ಲ.

ಮೊಬೈಲ್ ಸ್ಟಾರ್ಟರ್

ಸಿಮ್ ಹಾಕಿ ಮನೆಯಿಂದಲೇ ಮೋಟಾರು ಚಾಲೂ ಮಾಡುವ ಸ್ಟಾರ್ಟರ್ ವಿದ್ಯುತ್ ಉಪಕರಣವೂ ಹೌದು, ದೂರಸಂಪರ್ಕ ಉಪಕರಣವೂ ಹೌದು. ದೂರಸಂಪರ್ಕ ಉಪಕರಣಗಳ ಕಡ್ಡಾಯ ಪರೀಕ್ಷೆಗೆ 2017ರಲ್ಲಿ ನಿಯಮ ರಚಿಸಿ, 2019ರಿಂದ ಹಂತ ಹಂತವಾಗಿ ಜಾರಿಗೆ ತರಲಾಯಿತು. ಆದುದರಿಂದ ಇಂತಹ ಸ್ಟಾರ್ಟರ್ ಕೊಳ್ಳುವಾಗ ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿ ನೋಡಬೇಕು. ರಸೀದಿಯನ್ನು ಜೋಪಾನವಾಗಿ ಇಡಬೇಕು.

ಇದರ ಬಳಕೆಯಲ್ಲಿ ಒಂದು ದೊಡ್ಡ ಅಪಾಯವಿದೆ. ತಂದೆ ಬಾವಿಯ ಬಳಿ ಕೇಬಲ್ ಜೋಡಿಸುತ್ತಿರುವಾಗ ಮಗ ಮನೆಯಿಂದ ಗುಂಡಿ ಒತ್ತಬಹುದು. ತ್ರೀ ಫೇಸ್ ಬಂದೊಡನೆ ತಾನೇ ಚಾಲೂ ಆಗುವ ಆಟೋ ಸ್ಟಾರ್ಟರಿನಲ್ಲೂ ಇದೇ ಭಯ. ರಿಪೇರಿಗೆ ಮುನ್ನ ಮೇನ್ ಸ್ವಿಚ್ ಆರಿಸಿ, ಫ್ಯೂಸುಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳುವುದೇ ಸರಿಯಾದ ಕ್ರಮ. ಫೋನಿನಲ್ಲಿ 'ಆಫ್' ಎಂದು ತೋರಿಸಿದರೆ ನಂಬತಕ್ಕದ್ದಲ್ಲ.

ಅರ್ಥಿಂಗ್ ಏಕೆ ಸೋಲುತ್ತದೆ?

ಮೋಟಾರಿನೊಳಗೆ ತಂತಿಯ ಹೊದಿಕೆ ಕೆಟ್ಟು 230 ವೋಲ್ಟ್ ಲೋಹದ ಕವಚಕ್ಕೆ ತಗುಲಿತೆನ್ನಿ. ಭೂಮಿಯ ಮೂಲಕ ಹರಿಯುವ ಹಾದಿಯ ಒಟ್ಟು ರೋಧ 5 ಓಮ್ ಇದ್ದರೆ 46 ಆಂಪಿಯರ್ ಹರಿದು 15 ಆಂಪಿಯರ್ ಫ್ಯೂಸ್ ಕರಗುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿ ರೋಧ 40 ಓಮ್‌ಗೆ ಏರಿದರೆ ಹರಿಯುವುದು 6 ಆಂಪಿಯರ್‌ಗೂ ಕಡಿಮೆ. ಆಗ ಫ್ಯೂಸ್ ಹೋಗುವುದಿಲ್ಲ. ಕವಚದಲ್ಲಿ ವಿದ್ಯುತ್ ಉಳಿದೇ ಇರುತ್ತದೆ. ಫ್ಯೂಸಿಗೆ ದಪ್ಪ ತಂತಿ ಕಟ್ಟಿದ್ದರೆ ಅಪಾಯ ಇನ್ನೂ ಹೆಚ್ಚು.

ಆದ್ದರಿಂದ ಈ ಕ್ರಮಗಳನ್ನು ಅನುಸರಿಸಬೇಕು:

1. ತ್ರೀ ಫೇಸ್ ಮೋಟಾರಿನ ಕವಚಕ್ಕೆ ಎರಡು ಪ್ರತ್ಯೇಕ ಅರ್ಥ್ ತಂತಿಗಳನ್ನು ಜೋಡಿಸಬೇಕು.
2. ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ತಪ್ಪದೆ ನೀರು ಹಾಕಬೇಕು. ತುಕ್ಕು ಹಿಡಿದ ಬೋಲ್ಟುಗಳನ್ನು ಬದಲಾಯಿಸಬೇಕು.
3. ಸೋರುವ ವಿದ್ಯುತ್ತನ್ನು ಗುರುತಿಸಿ ತಾನೇ ಕಡಿತಗೊಳಿಸುವ ಆರ್.ಸಿ.ಸಿ.ಬಿ. ಸಾಧನವನ್ನು ಅಳವಡಿಸಬೇಕು. ಮಣ್ಣು ಒಣಗಿದ್ದಾಗಲೂ ಇದು ಕೆಲಸ ಮಾಡುತ್ತದೆ. ಪಂಪ್ ಮನೆಯ ದೀಪ, ಸಾಕೆಟ್ಟುಗಳಿಗೆ 30 ಮಿಲಿ ಆಂಪಿಯರಿನದು ತಕ್ಕದ್ದು. ಮೋಟಾರಿಗೆ ಎಷ್ಟರದೆಂಬುದನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರು ನಿರ್ಧರಿಸಬೇಕು.
4. ತಿಂಗಳಿಗೊಮ್ಮೆ ಆರ್.ಸಿ.ಸಿ.ಬಿ.ಯ ಪರೀಕ್ಷಾ ಗುಂಡಿಯನ್ನು ಒತ್ತಿ ನೋಡಬೇಕು. ಕಡಿತಗೊಳ್ಳದಿದ್ದರೆ ಕೂಡಲೇ ಬದಲಾಯಿಸಬೇಕು.
5. ಟ್ರಾನ್ಸ್‌ಫಾರ್ಮರ್ ಅಥವಾ ಕಂಬದ ಫ್ಯೂಸನ್ನು ರೈತರು ಮುಟ್ಟಕೂಡದು. ತಂತಿ ಹರಿದು ಬಿದ್ದಿದ್ದರೆ ಯಾರನ್ನೂ ಹತ್ತಿರ ಬಿಡದೆ ಬೆಸ್ಕಾಂನ 1912ಕ್ಕೆ ತಿಳಿಸಬೇಕು.

ಅವಘಡವಾದಾಗ

ವಿದ್ಯುತ್ ಹಿಡಿದವರನ್ನು ಬರಿಗೈಯಿಂದ ಎಳೆಯಬಾರದು. ಮೊದಲು ಮೇನ್ ಸ್ವಿಚ್ ಆರಿಸಬೇಕು; ಅದು ಸಾಧ್ಯವಿಲ್ಲದಿದ್ದರೆ ಒಣ ಜಾಗದಲ್ಲಿ ನಿಂತು ಒಣ ಮರದ ಕೋಲಿನಿಂದ ಬಿಡಿಸಬೇಕು. ಉಸಿರು ನಿಂತಿದ್ದರೆ ಎದೆಯ ನಡುಭಾಗವನ್ನು ಜೋರಾಗಿ, ಬಿಡದೆ ಒತ್ತುತ್ತಾ 108ಕ್ಕೆ ಕರೆ ಮಾಡಿಸಬೇಕು.

ಬಿತ್ತನೆಗೆ ಮುನ್ನ ಬೀಜ ಪರೀಕ್ಷಿಸುವಂತೆ, ಬೇಸಿಗೆ ನೀರಾವರಿಗೆ ಮುನ್ನ ಅರ್ಥಿಂಗ್ ಮತ್ತು ಕೇಬಲ್ ಪರೀಕ್ಷೆ ಮಾಡಿಸುವುದನ್ನು ರೈತ ಬಾಂಧವರು ರೂಢಿಸಿಕೊಳ್ಳಬೇಕು. ವಿಸ್ತರಣಾ ಕಾರ್ಯಕರ್ತರು ಗ್ರಾಮ ಸಭೆಗಳಲ್ಲಿ ಆರ್.ಸಿ.ಸಿ.ಬಿ.ಯ ಪ್ರಾತ್ಯಕ್ಷಿಕೆ ಏರ್ಪಡಿಸಿದರೆ ಹೆಚ್ಚು ಪ್ರಯೋಜನವಾಗುತ್ತದೆ.