ಇಗ್ವಾನಾದ ಉಗುರು ಕತ್ತರಿಸುವ ಮುನ್ನ

ಸಾಕಿದ ಹಸಿರು ಇಗ್ವಾನಾದ ಉಗುರುಗಳನ್ನು ಮನೆಯಲ್ಲಿಯೇ ಕತ್ತರಿಸಲು ಹೊರಟು, ಕಡೆಗೆ ಬೆರಳು ಮುರಿದ ಅಥವಾ ಉಗುರೇ ಬುಡಸಹಿತ ಕಿತ್ತುಬಂದ ಪ್ರಾಣಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಪಶುವೈದ್ಯರ ಬಾಗಿಲಿಗೆ ಓಡುವವರು ಸಾಮಾನ್ಯವಾಗಿ ಕತ್ತರಿಯನ್ನು ದೂರುತ್ತಾರೆ. ಕತ್ತರಿ ಮೊಂಡಾಗಿತ್ತು, ಪ್ರಾಣಿ ಒದ್ದಾಡಿತು, ದೀಪದ ಬೆಳಕು ಸಾಲದಾಯಿತು ಎಂಬಿವೇ ಮೊದಲಾದ ಕಾರಣಗಳನ್ನು ಅವರು ಒಂದರ ಹಿಂದೊಂದಾಗಿ ಹೇಳುತ್ತ ಹೋಗುವಾಗ, ಪ್ರಾಣಿಯನ್ನು ಯಾವ ಬಟ್ಟೆಯಲ್ಲಿ ಸುತ್ತಿದಿರಿ ಎಂದು ನಡುವೆ ಕೇಳಿದರೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: ಸ್ನಾನದ ಟವೆಲಿನಲ್ಲಿ. ಮುಂದಿನ ಬರಹದಲ್ಲಿ ಆ ಟವೆಲಿನ ವಿಚಾರವೇ ಮಿಕ್ಕೆಲ್ಲಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸಿದರೆ ಓದುಗರು ಮನ್ನಿಸಬೇಕು.

ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ, ಅದರಲ್ಲಿಯೂ ನೀರಿನ ಸಮೀಪದ ಮರಗಳ ಮೇಲೆ, ಎಲೆಚಿಗುರುಗಳನ್ನು ತಿಂದು ಬಾಳುವ ಈ ಸರೀಸೃಪಕ್ಕೆ ನಖವೆಂಬುದು ಆಯುಧಕ್ಕಿಂತ ಹೆಚ್ಚಾಗಿ ಆಧಾರ. ಅಲ್ಲಿ ತೊಗಟೆಗೆ ಉಜ್ಜಿ ಸವೆಯುವ ಉಗುರು ಇಲ್ಲಿ ಗಾಜಿನ ಮೇಲೆಯೂ ಟೈಲ್ಸಿನ ಮೇಲೆಯೂ ಸವೆಯದೆ ಬೆಳೆದು, ಕೊಕ್ಕೆಯಾಗಿ ಬಾಗಿ, ಸಾಕಿದವರ ತೋಳನ್ನು ಗೀರುವುದಲ್ಲದೆ ಪರದೆಯಲ್ಲಿಯೋ ಬಲೆಯಲ್ಲಿಯೋ ಸಿಕ್ಕಿ ಪ್ರಾಣಿಗೇ ಅಪಾಯವನ್ನು ತರುತ್ತದೆ. ಆದುದರಿಂದ ಕೆಲವು ವಾರಗಳಿಗೊಮ್ಮೆ ಅದರ ಮೊನೆಯನ್ನು ತೆಗೆಯಬೇಕಾಗುತ್ತದೆ. ಮೊನೆಯನ್ನು ಮಾತ್ರ, ಉಗುರನ್ನೇ ಗಿಡ್ಡವಾಗಿಸಿದರೆ ಏರುವುದನ್ನೇ ಬದುಕಾಗಿಸಿಕೊಂಡ ಜೀವಿ ಕೊಂಬೆಯಿಂದ ಜಾರಿ ಬೀಳುತ್ತದೆ.

ಎಲ್ಲ ಇಗ್ವಾನಾಗಳಿಗೂ ಈ ಕೆಲಸವನ್ನು ಮನೆಯಲ್ಲಿ ಮಾಡಲಾಗದು. ಬೆರಳುಗಳು ತಾವಾಗಿಯೇ ಅದುರುತ್ತಿದ್ದರೆ, ಕೆಳದವಡೆ ಊದಿಕೊಂಡಿದ್ದರೆ, ಒಣಗಿದ ಮೈಯಲ್ಲಿ ತೊಡೆಗಳು ಮಾತ್ರ ಗಟ್ಟಿಯಾಗಿ ಉಬ್ಬಿದ್ದರೆ, ಅದು ಕ್ಯಾಲ್ಸಿಯಂ ಮತ್ತು ಯುವಿ-ಬಿ ಕಿರಣಗಳ ಅಭಾವದಿಂದ ಬರುವ ಅಸ್ಥಿರೋಗದ ಲಕ್ಷಣವಾಗಿರಬಹುದು. ಅಂತಹ ಪ್ರಾಣಿಯ ಮೂಳೆ ಸಾಧಾರಣ ಹಿಡಿತಕ್ಕೇ ಮುರಿಯುತ್ತದೆ. ಅದನ್ನು ಸರೀಸೃಪಗಳ ಚಿಕಿತ್ಸೆ ಬಲ್ಲ ವೈದ್ಯರಲ್ಲಿಗೆ ಒಯ್ಯತಕ್ಕದ್ದು, ಉಗುರಿನ ಮಾತು ಆಮೇಲಿನದು. ಹೊಟ್ಟೆಯಲ್ಲಿ ಮೊಟ್ಟೆ ತುಂಬಿರುವ ಹೆಣ್ಣನ್ನೂ ಬೆದೆಗಾಲದಲ್ಲಿ ಕೆರಳಿರುವ ಗಂಡನ್ನೂ ಆ ಕಾಲ ಕಳೆಯುವವರೆಗೆ ಸುಮ್ಮನೆ ಬಿಡುವುದೇ ಲೇಸು.

ಉಪಕರಣಗಳು ಸ್ವಲ್ಪವೇ. ಬೆಕ್ಕಿನ ಉಗುರಿಗೆಂದು ಪೆಟ್ ಶಾಪುಗಳಲ್ಲಿ ಮಾರುವ ಸಣ್ಣ ಕತ್ತರಿ, ರಕ್ತವನ್ನು ತಡೆಯುವ ಸ್ಟಿಪ್ಟಿಕ್ ಪುಡಿ, ಅದು ದೊರೆಯದಿದ್ದರೆ ಅಡುಗೆಮನೆಯ ಕಾರ್ನ್‌ಫ್ಲೋರ್, ಒಂದು ಚಿಕ್ಕ ಟಾರ್ಚು, ಸ್ವಚ್ಛವಾದ ಹತ್ತಿ. ನಾವು ನಮ್ಮ ಉಗುರಿಗೆ ಬಳಸುವ ನೇಲ್ ಕಟರ್ ಬೇಡ. ಅದು ಚಪ್ಪಟೆಯ ಉಗುರಿಗೆ ಹೊಂದಿಸಿದ ಬಾಯಿಯುಳ್ಳದ್ದಾದುದರಿಂದ ದುಂಡನೆಯ ಉಗುರನ್ನು ಕತ್ತರಿಸುವ ಬದಲು ಜಜ್ಜಿ ಸೀಳುತ್ತದೆ. ಸಂಜೆ, ಪಂಜರದ ಕಾಯಿಸುವ ದೀಪವನ್ನು ಆರಿಸಿದ ಮೇಲೆ, ಪ್ರಾಣಿ ತಾನಾಗಿ ಮಂದವಾಗುವ ಹೊತ್ತನ್ನು ಆರಿಸಿಕೊಳ್ಳಿ. ಅದಕ್ಕೆ ಮೊದಲು ಮಣಿಕಟ್ಟಿಗೆ ಹಿತವೆನಿಸುವಷ್ಟು ಉಗುರು ಬೆಚ್ಚಗಿನ ನೀರಿನಲ್ಲಿ 15 ನಿಮಿಷ ನಿಲ್ಲಿಸಿದರೆ ಉಗುರು ಮೆದುವಾಗುತ್ತದೆ. ನೀರು ಅದರ ಹೆಗಲನ್ನು ಮೀರದಿರಲಿ. ನೀರಿಗಿಳಿದೊಡನೆ ಮಲವಿಸರ್ಜನೆ ಮಾಡುವುದು ಇಗ್ವಾನಾದ ಸ್ವಭಾವವಾದುದರಿಂದ, ಮನೆಮಂದಿ ಬಳಸುವ ಬಕೆಟ್ಟನ್ನು ಈ ಕಾರ್ಯಕ್ಕೆ ಒಡ್ಡಬಾರದೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಇನ್ನು ಟವೆಲು. ಪ್ರಾಣಿಯನ್ನು ಟವೆಲಿನಲ್ಲಿ ಸುತ್ತಿ ಎಂದು ಎಲ್ಲರೂ ಹೇಳುತ್ತಾರೆ. ಯಾವ ಟವೆಲೆಂದು ಯಾರೂ ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಕ್ಕುವುದು ಟರ್ಕಿ ಟವೆಲು. ಅದರ ಮೈತುಂಬ ನೀರನ್ನು ಹೀರುವುದಕ್ಕಾಗಿ ಎಬ್ಬಿಸಿದ ನೂಲಿನ ಸಣ್ಣ ಸಣ್ಣ ಕುಣಿಕೆಗಳಿರುತ್ತವೆ, ಮತ್ತು ವಾರಗಟ್ಟಲೆ ಕತ್ತರಿಸದೆ ಕೊಕ್ಕೆಯಾಗಿರುವ 20 ಉಗುರುಗಳನ್ನು ಆ ಕುಣಿಕೆಗಳ ನಡುವೆ ಇಟ್ಟರೆ ಒಂದಲ್ಲ ಒಂದು ಸಿಕ್ಕಿಕೊಳ್ಳದೆ ಇರದು. ಸಿಕ್ಕಿಕೊಂಡುದನ್ನು ಪ್ರಾಣಿ ಮೊದಲು ತಾನೇ ಎಳೆಯುತ್ತದೆ. ಅದು ಎಳೆದುದನ್ನು ಕಂಡು ಗಾಬರಿಗೊಂಡ ಯಜಮಾನ ಬಟ್ಟೆಯನ್ನು ತನ್ನ ಕಡೆಗೆ ಎಳೆಯುತ್ತಾನೆ. ಇಬ್ಬರ ನಡುವೆ ಉಗುರು ತನ್ನ ಗೂಡಿನಿಂದ ಸಡಿಲುತ್ತದೆ, ಇಲ್ಲವೆ ಬೆರಳು ಕೀಲು ತಪ್ಪುತ್ತದೆ. ಹಿಂಗಾಲಿನ ನಾಲ್ಕನೆಯ ಬೆರಳು ಮಿಕ್ಕ ಬೆರಳುಗಳಿಗಿಂತ ಬಹಳ ನೀಳವಾದುದು, ಆದುದರಿಂದ ಹೆಚ್ಚಾಗಿ ಬಲಿಯಾಗುವುದೂ ಅದೇ.

ಇದಕ್ಕೆ ಬೇಕಾದುದು ನುಣುಪಾಗಿ ಒತ್ತಾಗಿ ನೇಯ್ದ ಬಟ್ಟೆ. ಒಗೆದು ಒಗೆದು ಮೆದುವಾದ ಹಳೆಯ ಪಂಚೆಗಿಂತ ಉತ್ತಮವಾದುದು ಪೇಟೆಯಲ್ಲಿ ದುಡ್ಡು ಕೊಟ್ಟರೂ ದೊರೆಯದೆಂದು ನನ್ನ ಅಭಿಪ್ರಾಯ. ಹತ್ತಿಯ ಹಳೆಯ ಸೀರೆಯ ತುಂಡೂ ಆದೀತು, ಆದರೆ ಜರಿಯ ಅಂಚನ್ನು ಕತ್ತರಿಸಿ ತೆಗೆದಿರಬೇಕು. ಹಿಡಿಯುವವರು ತಾವು ತೊಟ್ಟ ಬಟ್ಟೆಯನ್ನೂ ನೋಡಿಕೊಳ್ಳಲಿ: ಹೆಣೆದ ಸ್ವೆಟರು ಟವೆಲಿನ ಅಣ್ಣನೇ ಸರಿ. ಇಷ್ಟಾಗಿಯೂ ಉಗುರು ಎಲ್ಲಾದರೂ ನಾಟಿಕೊಂಡರೆ ಪ್ರಾಣಿಯನ್ನು ಮೇಲಕ್ಕಾಗಲಿ ಹಿಂದಕ್ಕಾಗಲಿ ಎಳೆಯಬೇಡಿ. ಕೊಕ್ಕೆಯ ಮೊನೆ ಹಿಂದಕ್ಕೆ, ಅಂಗಾಲಿನ ಕಡೆಗೆ ಬಾಗಿರುವುದರಿಂದ, ಹಿಂದಕ್ಕೆಳೆದಷ್ಟೂ ಅದು ಆಳಕ್ಕಿಳಿಯುತ್ತದೆ. ಪಾದವನ್ನು ಮೆಲ್ಲನೆ ಮುಂದಕ್ಕೆ, ಅಂದರೆ ಬೆರಳುಗಳು ಚಾಚಿರುವ ದಿಕ್ಕಿಗೇ, ಕೂದಲೆಳೆಯಷ್ಟು ತಳ್ಳಿ, ಬೆರಳ ತುದಿಯನ್ನು ಮೇಲಕ್ಕೆತ್ತಿದರೆ ಉಗುರು ತಾನಾಗಿ ಬಿಡುತ್ತದೆ. ಒಂದು ಬೆರಳು, ಆಮೇಲೆ ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ಬಿಡಿಸುವ ಆತುರ ಕೂಡದು. ಈ ಒಂದು ಚಲನೆಯನ್ನು ಉಗುರು ಕತ್ತರಿಸದ ದಿನಗಳಲ್ಲಿಯೂ, ಪ್ರಾಣಿ ಹೆಗಲಮೇಲೆ ಕುಳಿತಾಗ, ಅಭ್ಯಾಸ ಮಾಡಿಕೊಳ್ಳಿ.

ಸುತ್ತುವಾಗ ಬಿಗಿಯಾಗಿ ಸುತ್ತಿದರೆ ಭದ್ರವೆಂದು ಭಾವಿಸುವುದು ಎರಡನೆಯ ತಪ್ಪು. ನಮಗಿರುವಂತೆ ಈ ಪ್ರಾಣಿಗೆ ಎದೆಗೂ ಹೊಟ್ಟೆಗೂ ನಡುವೆ ವಪೆಯಿಲ್ಲ. ಪಕ್ಕೆಲುಬುಗಳು ಹಿಗ್ಗಿ ಕುಗ್ಗುವುದರಿಂದಲೇ ಅದರ ಉಸಿರಾಟ ನಡೆಯಬೇಕು. ಪಕ್ಕೆಗಳನ್ನು ಕಟ್ಟಿಹಾಕಿದರೆ, ಮೂಗು ಎಷ್ಟೇ ಹೊರಗಿದ್ದರೂ, ಅದು ಉಸಿರಾಡಲಾರದೆ ಒದ್ದಾಡುತ್ತದೆ. ಒದ್ದಾಟವನ್ನು ಕಂಡು ಹಿಡಿದವರು ಇನ್ನಷ್ಟು ಬಿಗಿಯುತ್ತಾರೆ. ಬಟ್ಟೆಯೊಳಗೆ ಎರಡು ಬೆರಳು ಸುಲಭವಾಗಿ ಹೋಗುವಷ್ಟು ಸಡಿಲವಿರಲಿ. ಮೂಗನ್ನು ಹೊರಗೆ ಬಿಟ್ಟು, ಬಟ್ಟೆಯ ಒಂದು ಮಡಿಕೆಯನ್ನು ಕಣ್ಣುಗಳ ಮೇಲೆ ಒತ್ತದೆ ಹಗುರವಾಗಿ ಇಳಿಬಿಟ್ಟರೆ, ಬಿಗಿತದಿಂದ ಆಗದ ಶಾಂತಿ ಕತ್ತಲೆಯಿಂದ ಆಗುತ್ತದೆ. ಹತ್ತಿರ ಹೋಗುವಾಗಲೂ ಮೇಲಿನಿಂದ ಕೈ ತರದೆ ಪಕ್ಕದಿಂದ ತರಬೇಕು. ಇಗ್ವಾನಾದ ನೆತ್ತಿಯ ಮೇಲೆ ಬೆಳಕು ನೆರಳುಗಳನ್ನಷ್ಟೇ ಅರಿಯಬಲ್ಲ ಮೂರನೆಯ ಕಣ್ಣೊಂದುಂಟು, ಅದರ ಮೇಲೆ ನೆರಳು ಬಿದ್ದೊಡನೆ ಹದ್ದು ಎರಗಿತೆಂದೇ ಪ್ರಾಣಿ ತಿಳಿಯುತ್ತದೆ.

ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಪ್ರಾಣಿಯ ಹೊಟ್ಟೆಯನ್ನು ತಮ್ಮ ಮುಂದೋಳಿನ ಮೇಲೆ ಒರಗಿಸಿ, ಬಾಲವನ್ನು ಕಂಕುಳಿನೊಳಗೆ ಸೇರಿಸಿಕೊಂಡು, ಬೇಕಾದ ಒಂದು ಕಾಲನ್ನು ಮಾತ್ರ ಬಟ್ಟೆಯಿಂದ ಹೊರಕ್ಕೆ ಬಿಡಲಿ. ಬಾಲವನ್ನು ಹಿಡಿದು ತಡೆಯುವ ಯೋಚನೆ ಬೇಡ. ಅದು ಕಳಚಿ ಕೈಯಲ್ಲುಳಿಯಬಹುದು, ಮತ್ತೆ ಬೆಳೆದರೂ ಮೊದಲಿನ ರೂಪವಾಗಲಿ ಬಣ್ಣವಾಗಲಿ ಬರುವುದಿಲ್ಲ, ವಯಸ್ಸಾದ ಪ್ರಾಣಿಯಲ್ಲಿ ಅಷ್ಟರಮಟ್ಟಿಗೂ ಬೆಳೆಯದೆ ಹೋಗಬಹುದು. ಮತ್ತೊಬ್ಬರು ಉಗುರಿನ ಹಿಂದೆಯೇ ಬೆರಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಆಧರಿಸಿ, ಪಕ್ಕಕ್ಕೆ ತಿರುಚದೆ, ಟಾರ್ಚಿನ ಬೆಳಕನ್ನು ಉಗುರಿನ ಹಿಂದಿನಿಂದ ಹಾಯಿಸಿ ನೋಡಲಿ. ತಿಳಿಬಣ್ಣದ ಉಗುರಾದರೆ ಬುಡದಿಂದ ನಡುವಿನವರೆಗೆ ಕೆಂಪಾಗಿಯೋ ಕಪ್ಪಾಗಿಯೋ ಒಂದು ಗೆರೆ ಕಾಣುತ್ತದೆ. ರಕ್ತನಾಳವೂ ನರವೂ ಇರುವುದು ಅಲ್ಲಿಯೇ. ಆ ಗೆರೆ ಮುಗಿದ ಮೇಲೆ ಸಾಕಷ್ಟು ಅಂತರವನ್ನು ಬಿಟ್ಟು ಕತ್ತರಿಸಬೇಕು. ಕಪ್ಪು ಉಗುರಿನಲ್ಲಿ ಏನೂ ಕಾಣದು. ಅಲ್ಲಿ ಜಾಣತನ ತೋರದೆ, ದಪ್ಪನೆಯ ಭಾಗ ಮುಗಿದು ತಟ್ಟನೆ ಸಣ್ಣಗಾಗುವ ತುದಿಯಿಂದ ಒಂದು ಮಿಲಿಮೀಟರಿನಷ್ಟನ್ನು ತೆಗೆದು ತೃಪ್ತರಾಗಬೇಕು. 20 ಉಗುರುಗಳೂ ಒಂದೇ ದಿನ ಮುಗಿಯಲೇಬೇಕೆಂಬ ಶಾಸ್ತ್ರವಿಲ್ಲ. ಪ್ರಾಣಿ ಬಾಯಿ ತೆರೆದು ಏದುಸಿರು ಬಿಡತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಉಳಿದ ಕಾಲನ್ನು ಇನ್ನೊಂದು ಸಂಜೆಗೆ ಬಿಡಿ.

ರಕ್ತ ಬಂದರೆ ಹತ್ತಿಯಿಂದ ಒತ್ತಿ ಹಿಡಿದು, ಉಗುರಿನ ತುದಿಯನ್ನು ಪುಡಿಯಲ್ಲಿ ಅದ್ದಿ, ಮತ್ತೆ ಒತ್ತಿ ಹಿಡಿಯಿರಿ. ಪದೇ ಪದೇ ತೆಗೆದು ಇಣುಕಿದರೆ ಹೆಪ್ಪುಗಟ್ಟಿದುದು ಕಿತ್ತುಬರುತ್ತದೆ. ನಮ್ಮ ಕಡೆ ಗಾಯವೆಂದರೆ ಅರಿಶಿನ, ಇಲ್ಲವೆ ಕಾಫಿಪುಡಿ. ಅರಿಶಿನ ಮೆತ್ತಿದ ಮೇಲೆ ರಕ್ತ ನಿಂತಿತೋ ಇಲ್ಲವೋ ಕಣ್ಣಿಗೆ ತಿಳಿಯದು. ಕಾಫಿಪುಡಿಯನ್ನಂತೂ ಎಲ್ಲವನ್ನೂ ನಾಲಗೆಯಿಂದ ಮುಟ್ಟಿ ಪರೀಕ್ಷಿಸುವ ಪ್ರಾಣಿಯ ಕಾಲಿಗೆ ಹಚ್ಚತಕ್ಕದ್ದಲ್ಲ. ಹತ್ತು ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ವೈದ್ಯರಲ್ಲಿಗೆ ನಡೆಯಿರಿ. ನಿಂತರೆ ಆ ದಿನವೂ ಮರುದಿನವೂ ಸ್ನಾನ ಬೇಡ, ಪಂಜರದ ನೆಲಕ್ಕೆ ಮಣ್ಣಿನ ಬದಲು ಕಾಗದ ಹಾಸಿ.

ಪುಟದಲ್ಲಿ ಉಳಿದಿರುವ ಸ್ಥಳ ಸ್ವಲ್ಪವಾದುದರಿಂದ ಮಿಕ್ಕವನ್ನು ಚುಟುಕಾಗಿ ಹೇಳುತ್ತೇನೆ. ಉಗುರು ಕತ್ತರಿಸಿದ ದಿನ ಎತ್ತರದ ಕೊಂಬೆಗಳನ್ನು ತಗ್ಗಿಸಿ. ಬೆರಳುಗಳ ಸುತ್ತ ಪೊರೆಯ ಉಂಗುರ ಉಳಿದಿದೆಯೇ ನೋಡಿ. ಉಳಿದಿದ್ದರೆ ರಕ್ತಸಂಚಾರ ನಿಂತು ಬೆರಳೇ ಹೋಗಬಹುದು, ನೀರಿನಲ್ಲಿ ನೆನೆಸಿ ಸಡಿಲಿಸಬೇಕು, ಸುಲಿಯಬಾರದು. ಸಾಲ್ಮೊನೆಲ್ಲಾ ಸೋಂಕಿನ ಭಯವಿರುವುದರಿಂದ ಕೈಯನ್ನು ಸಾಬೂನಿನಿಂದ ತೊಳೆಯಿರಿ, ಕತ್ತರಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ, 5 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ದೂರವಿಡಿ. ಹಸಿರು ಇಗ್ವಾನಾ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿದ ಪ್ರಾಣಿ. ವನ್ಯಜೀವಿ ಕಾಯಿದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅದನ್ನು ಸಾಕಿದವರು ಪರಿವೇಶ್ 2.0 ಜಾಲತಾಣದ ಮೂಲಕ ನೋಂದಾಯಿಸಬೇಕು. ತೋಟದಲ್ಲಿ ಸಿಕ್ಕಿದ ಉಡದ ಮರಿಗೂ ಉಗುರು ಕತ್ತರಿಸುವ ಇದೇ ಕ್ರಮ ಸಲ್ಲುವುದೇ ಎಂದು ಕೇಳುವವರಿದ್ದಾರೆ. ಉಡ ಅದೇ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ, ಅದನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ. ಉಗುರಿನ ಗೊಡವೆಗೆ ಹೋಗದೆ ಅರಣ್ಯ ಇಲಾಖೆಯವರಿಗೆ ಈ ದಿನವೇ ತಿಳಿಸಿರಿ.