ನಾಯಿಗೆ ಜೇನು ಕಚ್ಚಿದಾಗ

ಹಳ್ಳಿಮನೆ ಅಂದಮೇಲೆ ಬಾಗಿಲಲ್ಲಿ ಒಂದು ನಾಯಿ ಇದ್ದೇ ಇರುತ್ತದೆ. ರಾತ್ರಿ ಮನೆ ಕಾಯುತ್ತದೆ. ಹಗಲು ನಮ್ಮ ಹಿಂದೆಯೇ ಹೊಲಕ್ಕೆ ಬರುತ್ತದೆ. ಹಾರುವ ಹುಳ ಕಂಡರೆ ಅದಕ್ಕೆ ಆಟ. ನೊಣ ಅಂದುಕೊಂಡು ಜೇನುಹುಳಕ್ಕೂ ಬಾಯಿ ಹಾಕುತ್ತದೆ. ಅದಕ್ಕೇ ನಾಯಿಗೆ ಹೆಚ್ಚಾಗಿ ಮೂತಿಗೆ ಕಚ್ಚುತ್ತದೆ, ಇಲ್ಲವೆ ಕಾಲಿಗೆ.

ನಾಯಿ ಕುಂಯ್‌ಗುಟ್ಟುತ್ತ ಓಡಿ ಬಂತು. ಮೂತಿಯನ್ನು ನೆಲಕ್ಕೆ ಉಜ್ಜುತ್ತಿದೆ. ಆಗ ಏನು ಮಾಡಬೇಕು ಅಕ್ಕ?

ಮೊದಲು ಹೆಸರು ಹಿಡಿದು ಮಾತಾಡಿಸಿ. ಮಕ್ಕಳನ್ನು ದೂರ ನಿಲ್ಲಿಸಿ. ನೋವಿನಲ್ಲಿರುವ ನಾಯಿ ಅನ್ನ ಹಾಕಿದ ಕೈಯನ್ನೂ ಕಚ್ಚೀತು.

ಆಮೇಲೆ ಮುಳ್ಳು ಹುಡುಕಿ. ಜೇನಿನ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ. ಅದರ ಜೊತೆ ವಿಷದ ಸಣ್ಣ ಚೀಲವೂ ಇರುತ್ತದೆ. ಹುಳ ಹಾರಿಹೋದ ಮೇಲೂ ಚೀಲ ವಿಷವನ್ನು ಒಳಕ್ಕೆ ನೂಕುತ್ತಲೇ ಇರುತ್ತದೆ. ಅದಕ್ಕೇ ಬೇಗ ತೆಗೆಯಬೇಕು. ಉಗುರಿನಿಂದ ಕೆರೆದು ಹಾಕಿದರೆ ಸಾಕು. ಚಿಮಟ ಹುಡುಕುತ್ತ ಹೊತ್ತು ಕಳೆಯಬೇಡಿ. ಕಣಜದ ಹುಳ ಕಚ್ಚಿದ್ದರೆ ಮುಳ್ಳು ಇರೋದಿಲ್ಲ. ತಣ್ಣೀರಿನ ಬಟ್ಟೆ ಹತ್ತು ನಿಮಿಷ ಒತ್ತಿ ಹಿಡಿಯಿರಿ. ಒಂದೆರಡು ದಿನದಲ್ಲಿ ಊತ ಇಳಿಯುತ್ತದೆ.

"ಸುಣ್ಣ ಹಚ್ಚಿದ್ರೆ ಆಯ್ತಲ್ಲ?" ಅನ್ನುತ್ತಾರೆ ಅತ್ತೆ. ಬೇಡ. ನಾಯಿ ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ. ಸುಣ್ಣ ನಾಲಿಗೆ ಸುಡುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಸೀಮೆಎಣ್ಣೆಯೂ ಬೇಡ. ನಾವು ನುಂಗುವ ನೋವಿನ ಮಾತ್ರೆಯಂತೂ ಬೇಡವೇ ಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳು ನಾಯಿಗೆ ವಿಷವಾಗಬಹುದು.

ಒಂದು ಹುಳ ಕಚ್ಚಿದರೆ ಹೆಚ್ಚಿನ ನಾಯಿಗಳಿಗೆ ಏನೂ ಆಗುವುದಿಲ್ಲ. ಆದರೆ ಕೆಲವು ನಾಯಿಗಳ ಮೈಗೆ ಈ ವಿಷ ಒಗ್ಗುವುದಿಲ್ಲ. ಅಂಥ ನಾಯಿಗೆ ಒಂದೇ ಹುಳ ಸಾಕು. ಅರ್ಧ ಗಂಟೆಯೊಳಗೇ ವಾಂತಿ, ಭೇದಿ ಆಗಬಹುದು. ಕಾಲು ತಡವರಿಸಬಹುದು. ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಹೋಗಿ ಬೆಳ್ಳಗಾಗಿದೆಯೇ? ಒಸಡು ಕಪ್ಪಿರುವ ನಾಯಿಯಾದರೆ ಕೆಳರೆಪ್ಪೆಯ ಒಳಗೆ ನೋಡಿ. ಬಾಯಿಯೊಳಗೆ, ಗಂಟಲಿಗೆ ಕಚ್ಚಿದ್ದರೆ ಒಳಗೇ ಊದಿಕೊಂಡು ಉಸಿರು ಕಟ್ಟಬಹುದು. ಇಂಥದ್ದು ಕಂಡರೆ ತಡ ಮಾಡಬೇಡಿ. ಕೊರಳಿನ ಹಗ್ಗ ಬಿಚ್ಚಿ. ಬಾಯಿ ಕಟ್ಟಬೇಡಿ. ಪಶು ಆಸ್ಪತ್ರೆಗೆ ಒಯ್ಯಿರಿ. ದೂರವಾದರೆ 1962ಕ್ಕೆ ಫೋನ್ ಮಾಡಿ ಕೇಳಿ. ಅದು ಪಶು ಚಿಕಿತ್ಸೆಯ ವಾಹನದ ನಂಬರು. ದುಡ್ಡಿಲ್ಲದೆ ಕರೆ ಹೋಗುತ್ತದೆ.

ಹೆಜ್ಜೇನಿನ ಮಾತೇ ಬೇರೆ. ದೊಡ್ಡ ಮರದಲ್ಲಿ, ನೀರಿನ ಟ್ಯಾಂಕಿನ ಅಡಿಯಲ್ಲಿ ಗೂಡು ಕಟ್ಟುತ್ತದೆ. ಯಾರೋ ಕಲ್ಲು ಹೊಡೆದರೆ ಹಿಂಡೇ ಎದ್ದು ಬರುತ್ತದೆ. ಒಂದು ಹುಳ ಕಚ್ಚಿದ ಜಾಗದ ವಾಸನೆಗೆ ಉಳಿದವೂ ಅಲ್ಲಿಗೇ ಎರಗುತ್ತವೆ. ಬಿಟ್ಟ ನಾಯಿ ಹೇಗೋ ಓಡೀತು. ಕಟ್ಟಿದ ನಾಯಿ ಎಲ್ಲಿಗೆ ಓಡಬೇಕು? ಹೆಜ್ಜೇನು ಇರುವ ಮರದ ಹತ್ತಿರ ನಾಯಿಯನ್ನು ಕಟ್ಟಲೇಬಾರದು. ಹಿಂಡು ಎದ್ದಾಗ ಬರಿ ಮೈಯಲ್ಲಿ ಬಿಡಿಸಲು ಹೋಗಬೇಡಿ. ಮುಖ, ಮೈ ಮುಚ್ಚುವ ಹಾಗೆ ಕಂಬಳಿ ಹೊದ್ದು ಹೋಗಿ. ಹಗ್ಗ ಕೊಯ್ದು ಮನೆಯೊಳಗೆ ಕರೆದುಕೊಂಡು ಬಾಗಿಲು ಹಾಕಿ.

ತುಂಬ ಹುಳ ಕಚ್ಚಿದ ನಾಯಿ ಸಂಜೆ ಹೊತ್ತಿಗೆ ಎದ್ದು ಅನ್ನ ತಿನ್ನಬಹುದು. "ಏನಾಗಿಲ್ಲ ಬಿಡು" ಅನ್ನಬೇಡಿ. ಅವತ್ತೇ ಡಾಕ್ಟರಿಗೆ ತೋರಿಸಿ. ಅಷ್ಟು ವಿಷ ರಕ್ತವನ್ನು ಕೆಡಿಸುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಅದು ಗೊತ್ತಾಗುವುದು ನಿಧಾನವಾಗಿ. ಕುಡಿಯಲು ನೀರು ಇಡಿ. ಮೂರು ನಾಲ್ಕು ದಿನ ಉಚ್ಚೆಯ ಬಣ್ಣ ನೋಡುತ್ತಿರಿ. ಕೆಂಪಗೆ, ಇಲ್ಲವೆ ಕಾಫಿ ಡಿಕಾಕ್ಷನ್ ಥರ ಬಂದರೆ, ಅಥವಾ ಉಚ್ಚೆಯೇ ನಿಂತರೆ, ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.